ಲೆಕ್ಕದಲ್ಲಿ ಬಿಟ್ಟುಹೋದ ಗೋಡೆಗಳು

ಗುವಾಹಟಿಯ ಒಂದು ಆಸ್ಪತ್ರೆ, 24 ಮೀಟರ್ ಎತ್ತರ. ತಾರಸಿಯಲ್ಲಿ ಉಕ್ಕಿನ ಸ್ಟ್ಯಾಂಡಿನ ಮೇಲೆ ನೀರೂ ಸೇರಿ 12 ಟನ್ ತೂಗುವ ಕೂಲಿಂಗ್ ಟವರ್. ಭೂಕಂಪವಾದರೆ ಅದರ ಆ್ಯಂಕರ್ ಬೋಲ್ಟುಗಳು ತಡೆದಾವೇ ಎಂದು ನಾನು ನೋಡಿಕೊಡಬೇಕಿತ್ತು. ಭಾರತದ ಭೂಕಂಪ ವಿನ್ಯಾಸ ಸಂಹಿತೆಯಾದ ಐಎಸ್ 1893ರ 2016ರ ಆವೃತ್ತಿಯಲ್ಲಿ ನಮ್ಮ ಬೆಂಗಳೂರು ವಲಯ 2, ಕಂಪನದ ತೀವ್ರತೆಯ ಗುಣಾಂಕ 0.10. ಗುವಾಹಟಿ ವಲಯ 5, ಗುಣಾಂಕ 0.36. ಇಲ್ಲಿ ಕುಳಿತು ರೂಢಿಯಾದ ಉಡಾಫೆ ಅಲ್ಲಿ ನಡೆಯುವುದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಂಬ, ತೊಲೆಗಳ ಮಾದರಿ ಕಟ್ಟಿ, ತಾರಸಿಯ ಅಲುಗಾಟದಿಂದ ಫ್ಲೋರ್ ಸ್ಪೆಕ್ಟ್ರಮ್ (ತಾರಸಿ ಮೇಲಿನ ವಸ್ತು ತನ್ನ ಕಂಪನಾವಧಿಗೆ ತಕ್ಕಂತೆ ಎಷ್ಟು ಜೋರಾಗಿ ಅಲುಗುತ್ತದೆ ಎಂಬ ನಕ್ಷೆ) ತೆಗೆದು, ಸ್ಟ್ಯಾಂಡಿಗೆ ಬೀಳುವ ಬಲ ಓದಿಕೊಂಡೆ. ಕಟ್ಟಡದ ಕಂಪನಾವಧಿ, ಅಂದರೆ ಒಂದು ತೂಗಾಟಕ್ಕೆ ಹಿಡಿಯುವ ಸಮಯ, 0.9 ಸೆಕೆಂಡ್, ಸ್ಟ್ಯಾಂಡಿನದು 0.45. ಅಂದಾಜು ತಪ್ಪಿದ್ದರೂ ಇರಲಿ ಎಂದು, ನಕ್ಷೆಯಲ್ಲಿ ಕಟ್ಟಡದ ಅವಧಿಯ ಬಳಿ ಏಳುವ ಶಿಖರವನ್ನು ಎರಡೂ ಬದಿಗೆ ಶೇ 15ರಷ್ಟು ಅಗಲಿಸಿದ್ದೂ ಆಯಿತು. ಬೋಲ್ಟುಗಳು ಪಾಸು.

ಸ್ಥಳಕ್ಕೆ ಹೋದಾಗ ಸ್ಟ್ಯಾಂಡಿಗೆ ಭುಜ ಕೊಟ್ಟು ನೂಕಿ ಬಿಟ್ಟೆ. ಅದಕ್ಕೆ ಅಂಟಿಸಿದ್ದ ಕಂಪನಮಾಪಕದಲ್ಲಿ 5 ಸೆಕೆಂಡಿಗೆ 11 ತೂಗಾಟ. ಸರಿ, 0.45. ಅದೇ ಮಾಪಕವನ್ನು ತಾರಸಿಯ ನೆಲಕ್ಕಿಟ್ಟು ಗಾಳಿ, ಲಾರಿಗಳ ಸಣ್ಣ ಅದುರನ್ನು ಅರ್ಧ ಗಂಟೆ ಹಿಡಿದೆ. ಕಟ್ಟಡದ ಅವಧಿ 0.9 ಅಲ್ಲ, 0.5! ಸ್ಟ್ಯಾಂಡಿನ ಪಕ್ಕದಲ್ಲೇ. ಜೋಕಾಲಿಯ ಲಯಕ್ಕೆ ಸರಿಯಾಗಿ ತಳ್ಳಿದ ಹಾಗೆ. ತಪ್ಪು ಜಾಗದಲ್ಲಿರುವ ಶಿಖರವನ್ನು ಎಷ್ಟು ಅಗಲಿಸಿ ಏನು ಫಲ?

ಇಟ್ಟಿಗೆ ಗೋಡೆಗಳ ಭಾರವನ್ನು ಸೇರಿಸಿದ್ದೆ, ಬಿಗಿಯನ್ನು ಸೇರಿಸಿರಲಿಲ್ಲ. ಎತ್ತರವನ್ನು 0.09ರಿಂದ ಗುಣಿಸಿ, ತಳದ ಉದ್ದದ ವರ್ಗಮೂಲದಿಂದ ಭಾಗಿಸುವ ಸಂಹಿತೆಯ ಸೂತ್ರ ಗೋಡೆ ತುಂಬಿದ ಕಟ್ಟಡಗಳಿಗೆಂದೇ ಇರುವುದು. 20 ಮೀಟರ್ ತಳಕ್ಕೆ 0.48 ಬರುತ್ತದೆ. ಅದನ್ನು ನನ್ನ ಕಡತದ ಮೊದಲ ಪುಟದಲ್ಲಿ ನಾನೇ ಬರೆದಿದ್ದೆ.

ಗೋಡೆ ಸೇರಿಸಿ ಮತ್ತೆ ಲೆಕ್ಕ ಹಾಕಿದರೆ ಟವರಿನ ವೇಗೋತ್ಕರ್ಷ ಗುರುತ್ವದ 3 ಪಟ್ಟು. ಅಷ್ಟು ಬಲ ತಡೆಯುವ ಬೋಲ್ಟುಗಳನ್ನು ಆ ಸ್ಲ್ಯಾಬ್ ಹಿಡಿಯಲಾರದು. ಇಲ್ಲಿ ಇನ್ನೊಂದು ಮೋಸವಿತ್ತು. ಆ ಲಯದಲ್ಲಿ ತೂಗುವ ಕಟ್ಟಡದ ದ್ರವ್ಯರಾಶಿಯ ಮುಂದೆ ಟವರ್ ನೂರರಲ್ಲಿ ಒಂದು ಪಾಲೂ ಇಲ್ಲ, ಬೇರೆಯಾಗಿ ಲೆಕ್ಕ ಹಾಕಬಹುದು ಎನ್ನುವುದು ವಾಡಿಕೆ. ಆದರೆ ಲಯ ಕೂಡಿದಾಗ ದ್ರವ್ಯರಾಶಿಯ ಅನುಪಾತವನ್ನು ಹೋಲಿಸಬೇಕಾದದ್ದು ಎರಡರ, ಕಂಪನವನ್ನು ತಣಿಸುವ, ಡ್ಯಾಂಪಿಂಗ್‌ಗಳ ಗುಣಲಬ್ಧದ ನಾಲ್ಕು ಪಟ್ಟಿನ ಜೊತೆ. ಕಾಂಕ್ರೀಟಿಗೆ ಶೇ 5, ಉಕ್ಕಿಗೆ ಶೇ 2 ಹಿಡಿದರೆ ಅದು 0.004. ನಮ್ಮ ಟವರಿನ ಅನುಪಾತ 0.0085. ಅಂದರೆ ಈ ಪುಟ್ಟ ಟವರ್ ತನ್ನನ್ನು ಕುಣಿಸುವ ಕಟ್ಟಡವನ್ನೇ ಒಂದಿಷ್ಟು ಹಿಡಿದು ತಡೆಯುತ್ತದೆ. ಎರಡನ್ನೂ ಒಂದೇ ಮಾದರಿಯಲ್ಲಿ ಕೂಡಿಸಿದಾಗ 3 ಇಳಿದು 1.9 ಆಯಿತು.

ಆ 1.9ನ್ನೂ ನಾನು ನಂಬಲಿಲ್ಲ. ಜೋರಾಗಿ ಕಂಪಿಸಿದರೆ ಗೋಡೆ ಬಿರುಕು ಬಿಟ್ಟು ಅವಧಿ ಹಿಗ್ಗುತ್ತದೆ. ಗಾಳಿಯ ಅದುರಿನಲ್ಲಿ ಅಳೆದ 0.5 ಆಗ ಉಳಿಯುವುದಿಲ್ಲ. ಶಿಖರದ ಮೇಲೆ ನಿಂತು ದಶಾಂಶ ಎಣಿಸುವ ಬದಲು ಅಲ್ಲಿಂದ ಕೆಳಗಿಳಿಯುವುದು ಮೇಲು. ಸ್ಟ್ಯಾಂಡಿನ ನಾಲ್ಕೂ ಬದಿಗೆ ಅಡ್ಡ ಬ್ರೇಸಿಂಗ್ ಬರೆದೆ, ಅವಧಿ 0.15ಕ್ಕೆ ಇಳಿಯಿತು. ಬೇರೆಯಾಗಿ ಲೆಕ್ಕ ಹಾಕಿದರೂ ಕೂಡಿಸಿ ಹಾಕಿದರೂ ಈಗ 0.8.

ವೆಲ್ಡಿಂಗ್ ಮುಗಿದ ಬೆಳಗ್ಗೆ ನೀರು ತುಂಬಿಸಿ ಮತ್ತೆ ಭುಜ ಕೊಟ್ಟೆ. ಮಾಪಕದ ಗೆರೆ ಮಿಸುಕಲಿಲ್ಲ. ಕೊನೆಗೆ ರಬ್ಬರ್ ಸುತ್ತಿಗೆಯಿಂದ ಹೊಡೆದೇ ಅವಧಿ ಓದಬೇಕಾಯಿತು: 0.16.