ಕೋಪನ್‌ಹೇಗನ್‌ನಲ್ಲಿ ಸಂಬಳ, ಮಾಲ್ಮೊದಲ್ಲಿ ಮನೆ: ಎರಡು ಕ್ರೋನಗಳ ಲೆಕ್ಕ

ಡೆನ್ಮಾರ್ಕಿಗೋ ದಕ್ಷಿಣ ಸ್ವೀಡನ್ನಿಗೋ ಹೊಸದಾಗಿ ಬಂದವರಿಗೆ ಮೊದಲು ಗೊಂದಲ ಆಗೋದು ದುಡ್ಡಿನ ವಿಷಯದಲ್ಲಿ. ಕೋಪನ್‌ಹೇಗನ್ ಅಂಗಡಿಯಲ್ಲೂ ಬೆಲೆ ಕ್ರೋನದಲ್ಲೇ, ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೊಗೆ ಹೋದರೂ ಕ್ರೋನದಲ್ಲೇ. ಆದರೆ ಎರಡೂ ಬೇರೆ ಬೇರೆ ದುಡ್ಡು. ನಡುವೆ ತೂತು ಇರುವ ಡೆನ್ಮಾರ್ಕಿನ ಐದು ಕ್ರೋನ ನಾಣ್ಯ ಮಾಲ್ಮೊದ ಅಂಗಡಿಯಲ್ಲಿ ನಡೆಯೋದಿಲ್ಲ.

ಒಂದು ಕಾಲದಲ್ಲಿ ನಡೆಯುತ್ತಿತ್ತು. 1873ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಒಪ್ಪಂದ ಮಾಡಿಕೊಂಡು, ಒಂದು ಕಿಲೋ ಚಿನ್ನಕ್ಕೆ 2480 ಕ್ರೋನ ಅಂತ ಎರಡೂ ದೇಶಕ್ಕೆ ಒಂದೇ ಲೆಕ್ಕ ಇಟ್ಟವು. 1875ರಲ್ಲಿ ನಾರ್ವೆಯೂ ಸೇರಿತು. ಒಂದಕ್ಕೆ ಒಂದು, ಯಾರ ನಾಣ್ಯ ಯಾರ ದೇಶದಲ್ಲಾದರೂ ಚಲಾವಣೆ. 1914ರಲ್ಲಿ ಯುದ್ಧ ಶುರುವಾಗಿ ನೋಟಿಗೆ ಚಿನ್ನ ಕೊಡೋದು ನಿಂತಮೇಲೆ ಆ ಸಮ ಉಳಿಯಲಿಲ್ಲ.

ಮುಂದಿನ ಕಥೆ ಕೇಳಿದರೆ, ಡ್ಯಾನಿಶ್ ಕ್ರೋನ ಗಟ್ಟಿಯಾಗಿರೋ ಇವತ್ತಿನ ದಿನ ಬಂದವರಿಗೆ ಆಶ್ಚರ್ಯ ಆಗುತ್ತೆ. ಎರಡನೇ ಮಹಾಯುದ್ಧ ಮುಗಿದಮೇಲೆ ಸ್ವೀಡಿಶ್ ಕ್ರೋನವೇ ಗಟ್ಟಿ! 1949ರ ನಂತರ ಒಂದು ಡಾಲರಿಗೆ 5.17 ಸ್ವೀಡಿಶ್ ಕ್ರೋನ, ಡ್ಯಾನಿಶ್ ಕ್ರೋನ ಆದರೆ 6.91. ಅಂದರೆ 100 ಡ್ಯಾನಿಶ್ ಕ್ರೋನಕ್ಕೆ ಸಿಗುತ್ತಿದ್ದದ್ದು ಸುಮಾರು 75 ಸ್ವೀಡಿಶ್ ಕ್ರೋನ. 1967ರಲ್ಲಿ ಬ್ರಿಟನ್ ಪೌಂಡಿನ ಬೆಲೆ ಇಳಿಸಿತು. ಅದರ ಹಿಂದೆಯೇ ಡೆನ್ಮಾರ್ಕ್ ಡಾಲರಿಗೆ 7.50 ಮಾಡಿತು, ಸ್ವೀಡನ್ ಕದಲಲಿಲ್ಲ. ಆಗ 100 ಡ್ಯಾನಿಶ್‌ಗೆ ಬರೀ 69. ಸ್ವೀಡನ್ನಿನವರಿಗೆ ಆ ದಿನಗಳಲ್ಲಿ ಡೆನ್ಮಾರ್ಕ್ ಅಗ್ಗದ ಊರು.

ತಿರುವು ಬಂದದ್ದು 1982ರ ಕೊನೆಯ ತಿಂಗಳುಗಳಲ್ಲಿ. ಎರಡೂ ದೇಶದಲ್ಲಿ ಹೊಸ ಸರ್ಕಾರ. ಡೆನ್ಮಾರ್ಕಿನಲ್ಲಿ ಪೌಲ್ ಶ್ಲುಟರ್ ಸೆಪ್ಟೆಂಬರಿನಲ್ಲಿ ಪ್ರಧಾನಿಯಾದರು, ಇನ್ನು ಮುಂದೆ ಕ್ರೋನದ ಬೆಲೆ ಇಳಿಸೋದಿಲ್ಲ ಅಂತ ಅವರ ಸರ್ಕಾರ ಗಟ್ಟಿಯಾಗಿ ಹೇಳಿತು. ಕ್ರೋನವನ್ನು ಜರ್ಮನ್ ಮಾರ್ಕಿಗೆ ಕಟ್ಟಿಹಾಕಿದರು. ಅಕ್ಟೋಬರಿನಲ್ಲಿ ಸ್ವೀಡನ್ನಿನಲ್ಲಿ ಓಲೊಫ್ ಪಾಲ್ಮೆ ಮತ್ತೆ ಅಧಿಕಾರಕ್ಕೆ ಬಂದರು. ಬಂದ ಕೂಡಲೇ ಸ್ವೀಡಿಶ್ ಕ್ರೋನವನ್ನು 16% ಇಳಿಸಿದರು. ಹಿಂದಿನ ವರ್ಷವಷ್ಟೇ 10% ಇಳಿಸಿ ಆಗಿತ್ತು. ಬೆಲೆ ಇಳಿಸಿದರೆ ಕಾರ್ಖಾನೆಗಳ ಮಾಲು ಹೊರಗೆ ಚೆನ್ನಾಗಿ ಹೋಗುತ್ತೆ ಅನ್ನೋ ಲೆಕ್ಕ ಅದು. ಇವತ್ತಿನ ದರದ ಬೇರು ಇರೋದು ಆ ಎರಡು ತೀರ್ಮಾನಗಳಲ್ಲಿ ಅನ್ನೋದು ನನ್ನ ಅಭಿಪ್ರಾಯ.

ಆದರೂ 1992ರವರೆಗೆ ಸ್ವೀಡಿಶ್ ಕ್ರೋನ ಒಂದು ಕೈ ಮೇಲೇ ಇತ್ತು. ಆ ಸೆಪ್ಟೆಂಬರಿನಲ್ಲಿ ಯುರೋಪಿನ ಕರೆನ್ಸಿಗಳ ಮೇಲೆ ದಾಳಿ ಶುರುವಾಯಿತು, ಅಂದರೆ ಬೆಲೆ ಬೀಳುತ್ತೆ ಅಂತ ವ್ಯಾಪಾರಿಗಳು ಅವನ್ನು ರಾಶಿ ರಾಶಿ ಮಾರತೊಡಗಿದರು. ಸ್ವೀಡನ್ನಿನ ಕೇಂದ್ರ ಬ್ಯಾಂಕು ರಿಕ್ಸ್‌ಬ್ಯಾಂಕ್, ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು 500%ಗೆ ಏರಿಸಿತು. ಹೌದು, ಐನೂರು! ಎರಡು ತಿಂಗಳು ಹೇಗೋ ತಡೆದರು. ನವೆಂಬರ್ 19ರಂದು ನಿಗದಿ ದರ ಕೈಬಿಟ್ಟು, ಮಾರುಕಟ್ಟೆ ಹೇಳಿದ ಬೆಲೆಯೇ ಬೆಲೆ ಅಂದರು. 1993ರಲ್ಲಿ 100 ಡ್ಯಾನಿಶ್ ಕ್ರೋನಕ್ಕೆ ಸುಮಾರು 120 ಸ್ವೀಡಿಶ್ ಕ್ರೋನ. ಅಲ್ಲಿಂದ ಡ್ಯಾನಿಶ್ ಕ್ರೋನವೇ ಮೇಲುಗೈ.

ಯೂರೋ ಬೇಕಾ ಅಂತ ಎರಡೂ ದೇಶದ ಜನರನ್ನು ಕೇಳಿದರು. 2000ದಲ್ಲಿ ಡೆನ್ಮಾರ್ಕ್ ಬೇಡ ಅಂದಿತು, 2003ರಲ್ಲಿ ಸ್ವೀಡನ್ ಬೇಡ ಅಂದಿತು. ಆದರೆ ಡೆನ್ಮಾರ್ಕ್ ಯೂರೋ ಬೇಡ ಅಂದರೂ ಅದರ ಸೆರಗು ಬಿಟ್ಟಿಲ್ಲ. ಒಂದು ಯೂರೋಗೆ 7.46038 ಕ್ರೋನ ಅನ್ನೋದು ನಿಗದಿ ದರ. ಆಚೀಚೆ 2.25% ಅವಕಾಶ ಇದ್ದರೂ ಅಷ್ಟು ದೂರ ಹೋಗಲು ಬಿಡೋದಿಲ್ಲ. 2015ರ ಜನವರಿಯಲ್ಲಿ ಸ್ವಿಟ್ಜರ್ಲೆಂಡ್ ತನ್ನ ಫ್ರಾಂಕಿಗೆ ಯೂರೋ ಜೊತೆ ಇಟ್ಟಿದ್ದ ಮಿತಿಯನ್ನು ಕಿತ್ತುಹಾಕಿದಾಗ, ಮುಂದಿನ ಸರದಿ ಡೆನ್ಮಾರ್ಕಿನದ್ದೇ ಅಂತ ಎಷ್ಟೋ ಜನ ಪಣ ಕಟ್ಟಿದ್ದರು. ಡೆನ್ಮಾರ್ಕಿನ ಕೇಂದ್ರ ಬ್ಯಾಂಕು ಬಡ್ಡಿಯನ್ನು ಮೈನಸ್ 0.75%ಗೆ ಇಳಿಸಿ ದರವನ್ನು ಉಳಿಸಿಕೊಂಡಿತು.

ಹಾಗಾಗಿ ಎರಡು ಕ್ರೋನಗಳ ನಡುವಿನ ದರ ಓಡಾಡಿದರೆ, ಓಡಾಡಿದ್ದು ಹೆಚ್ಚು ಕಡಿಮೆ ಸ್ವೀಡಿಶ್ ಕ್ರೋನವೇ. ಪ್ರಪಂಚದಲ್ಲಿ ಎಲ್ಲಾದರೂ ಗಾಬರಿ ಹುಟ್ಟಿದರೆ ಸ್ವೀಡಿಶ್ ಕ್ರೋನ ಸಾಮಾನ್ಯವಾಗಿ ಬೇಗ ಇಳಿಯುತ್ತೆ. 2009ರ ಮಾರ್ಚ್‌ನಲ್ಲಿ 100 ಡ್ಯಾನಿಶ್‌ಗೆ 155ರ ಹತ್ತಿರ ಹೋಗಿತ್ತು, 2012ರ ಆಗಸ್ಟ್‌ನಲ್ಲಿ 110ರ ಹತ್ತಿರ ಬಂತು, 2023ರ ಸೆಪ್ಟೆಂಬರಿನಲ್ಲಿ 160ರ ಹತ್ತಿರ.

ಇದು ಮನೆ ಖರ್ಚಿಗೆ ಹೇಗೆ ತಟ್ಟುತ್ತೆ ನೋಡಿ. ಸಂಬಳ ಕೋಪನ್‌ಹೇಗನ್‌ನಲ್ಲಿ, ಮಾಲ್ಮೊ ಮನೆಯ ಬಾಡಿಗೆ 10,000 ಸ್ವೀಡಿಶ್ ಕ್ರೋನ ಅಂತಿಟ್ಟುಕೊಳ್ಳಿ. ದರ 155 ಇದ್ದಾಗ ನಿಮ್ಮ ಕೈಯಿಂದ ಹೋಗೋದು ಸುಮಾರು 6,450 ಡ್ಯಾನಿಶ್ ಕ್ರೋನ. 110ಕ್ಕೆ ಬಂದರೆ ಅದೇ ಮನೆಗೆ 9,090. ಮನೆ ಅದೇ, ಮಾಲೀಕರು ಒಂದು ಕಾಸೂ ಜಾಸ್ತಿ ಕೇಳಿಲ್ಲ! ಅದಕ್ಕೇ ಹೊಸಬರಿಗೆ ನಾನು ಹೇಳೋದು, ಇವತ್ತಿನ ದರ ನೋಡಿ ಸುಮ್ನೆ ಮನೆ ಸಾಲಕ್ಕೆ ಕೈ ಹಾಕಬೇಡಿ. 110ಕ್ಕೆ ಲೆಕ್ಕ ಹಾಕಿ, ಆಗಲೂ ತಿಂಗಳು ಸಾಗುತ್ತೆ ಅನ್ನಿಸಿದರೆ ಮಾತ್ರ ಸಹಿ ಮಾಡಿ. ಸಂಬಳ ಸ್ವೀಡನ್ನಿನಲ್ಲಿದ್ದು ಊರಿನಲ್ಲಿ ಸಾಲದ ಕಂತು ಕಟ್ಟೋರು ಇನ್ನೂ ಹುಷಾರಾಗಿರಬೇಕು, ಒಂದೆರಡು ಕಂತಿನ ದುಡ್ಡು ಮೊದಲೇ ಕಳಿಸಿಟ್ಟುಕೊಂಡರೆ ನಿದ್ದೆ ಬರುತ್ತೆ. ಡೆನ್ಮಾರ್ಕಿನಿಂದ ಕಳಿಸೋರು ಯೂರೋ-ರೂಪಾಯಿ ದರ ನೋಡಿಕೊಂಡರೆ ಸಾಕು, ಅಲ್ವಾ? ಡ್ಯಾನಿಶ್ ಕ್ರೋನ ಅದರ ಹಿಂದೆಯೇ ನಡೆಯುತ್ತೆ.

ದರ ಓದೋದರಲ್ಲೂ ಜಾಗ್ರತೆ ಬೇಕು. ಡೆನ್ಮಾರ್ಕಿನಲ್ಲಿ 100 ವಿದೇಶಿ ಕರೆನ್ಸಿಗೆ ಎಷ್ಟು ಕ್ರೋನ ಅಂತ ಬರೆಯೋದು ರೂಢಿ. ಹಾಗಾಗಿ ಅಲ್ಲಿ 64.5 ಅಂತ ಕಾಣೋದೂ ಈ ಬರಹದಲ್ಲಿ 155 ಅಂತ ಕಾಣೋದೂ ಒಂದೇ ದರ. ಸೇತುವೆ ಆಚೆ ಕಾರ್ಡ್ ಹಾಕಿದಾಗ ಯಾವ ಕರೆನ್ಸಿಯಲ್ಲಿ ಕಟ್ಟುತ್ತೀರಿ ಅಂತ ಮಷೀನು ಕೇಳಿದರೆ ಆ ದೇಶದ ಕ್ರೋನವನ್ನೇ ಒತ್ತಿ. ನಿಮ್ಮ ಕ್ರೋನ ಒತ್ತಿದರೆ ಅವರು ಹಾಕಿದ್ದೇ ದರ.

ಸಂಬಳ ಅಲ್ಲಿ, ಮನೆ ಇಲ್ಲಿ ಅನ್ನೋ ಯೋಚನೆ ಇದ್ದರೆ ಮೊದಲು ಪರ್ಮಿಟ್ ನೋಡಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಡೆನ್ಮಾರ್ಕಿನ ಕೆಲಸದ ಪರ್ಮಿಟ್ ಸ್ವೀಡನ್ನಿನಲ್ಲಿ ವಾಸ ಮಾಡುವ ಹಕ್ಕು ಕೊಡೋದಿಲ್ಲ, ಸ್ವೀಡನ್ನಿನ ಪರ್ಮಿಟ್ ಡೆನ್ಮಾರ್ಕಿನಲ್ಲಿ ಕೆಲಸ ಮಾಡುವ ಹಕ್ಕು ಕೊಡೋದಿಲ್ಲ. ಬಾಡಿಗೆ ಕರಾರಿಗೆ ಮುಂಚೆ ಎರಡೂ ದೇಶದ ವಲಸೆ ಇಲಾಖೆಗಳಲ್ಲಿ ವಿಚಾರಿಸಿ. ಮತ್ತೊಂದು, ಪರಿಚಯದವರು ಡೆನ್ಮಾರ್ಕಿನ 1000 ಕ್ರೋನದ ನೋಟು ಕೊಟ್ಟರೆ ತೆಗೆದುಕೊಳ್ಳಬೇಡಿ. 2025ರ ಮೇ 31ರ ನಂತರ ಅದಕ್ಕೆ ಬೆಲೆ ಇಲ್ಲ.