ಟಿಪ್ಪಣಿ ಹಾಳೆಯಲ್ಲಿ ‘ಚರ್ಚಿಸಿ’ ಅಂತ ಬರೆದಿತ್ತು

ನನ್ನದು ಟೈಲರಿಂಗ್ ಅಂಗಡಿ. ಬ್ಲೌಸು, ಫಾಲು, ಪಿಕೊ, ಜೂನ್ ಬಂತೆಂದರೆ ಶಾಲೆ ಯೂನಿಫಾರಂ. ಅಂಗಡಿಯ ಎದುರಿಗೇ ನಮ್ಮ ವಾರ್ಡಿನ ಶಾಖಾ ಗ್ರಂಥಾಲಯ. ಮಷಿನ್ ತುಳಿಯುತ್ತ ತಲೆ ಎತ್ತಿದರೆ ಕಣ್ಣಿಗೆ ಬೀಳುವುದು ಅದರ ಹಸಿರು ಬಾಗಿಲು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಆ ಬಾಗಿಲಿಗೆ ಬೀಗ ಬಿತ್ತು. ಊರಲ್ಲಿ ಸಿನಿಮಾ ಟಾಕೀಸು, ಕಲ್ಯಾಣ ಮಂಟಪ ಎಲ್ಲ ತೆರೆದವು, ಇದೊಂದು ತೆರೆಯಲಿಲ್ಲ. ಅಷ್ಟರಲ್ಲಿ ಎರಡು ಮಳೆಗಾಲ ಕಳೆದು ತಾರಸಿ ಸೋರಿ, ಒಳಗಿನ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಬೇರೆಲ್ಲಿಗೋ ಸಾಗಿಸಿದರು.

ನಾನು ಹೋರಾಟಕ್ಕೆ ಇಳಿದದ್ದು ಓದಿನ ಮೇಲಿನ ಪ್ರೀತಿಗಲ್ಲ. ಬೆಳಿಗ್ಗೆ ಪೇಪರ್ ಓದಲು ಅಲ್ಲಿಗೆ ಬರುತ್ತಿದ್ದ ನಾಲ್ಕೈದು ಜನ ಹಿರಿಯರು ಬೀಗ ಬಿದ್ದ ಮೇಲೆ ನನ್ನ ಅಂಗಡಿ ಕಟ್ಟೆಯ ಮೇಲೆ ಕೂರತೊಡಗಿದರು. ನಾನೂ ಪಾಪ ಅಂತ ಒಂದು ಪೇಪರ್ ಹಾಕಿಸಿಕೊಂಡೆ. ಅವರು ಅದನ್ನು ಹಾಳೆ ಹಾಳೆ ಹಂಚಿಕೊಂಡು ಹನ್ನೊಂದರವರೆಗೆ ಓದುತ್ತಿದ್ದರು. ಅಳತೆ ಕೊಡಲು ಬಂದ ಹೆಣ್ಣುಮಕ್ಕಳು ಗಂಡಸರ ಸಾಲು ನೋಡಿ ‘ಆಮೇಲೆ ಬರ್ತೀನಕ್ಕ’ ಅಂತ ಹೋದವರು ಬೇರೆ ಟೈಲರ್ ಹತ್ತಿರ ಹೋದರು. ನಿವೃತ್ತ ಮೇಷ್ಟ್ರನ್ನು ಏಳಿ ಅನ್ನಲು ನಾಲಿಗೆ ಬರಲಿಲ್ಲ. ಅವರನ್ನು ಎದುರಿನ ಬಾಗಿಲೊಳಗೆ ಕಳಿಸುವುದೊಂದೇ ದಾರಿ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು, ಸಹಿ ಸಂಗ್ರಹ. ಹದಿನೈದು ದಿನ ಓಡಾಡಿ ಇನ್ನೂರಕ್ಕೂ ಹೆಚ್ಚು ಸಹಿ ಹಾಕಿಸಿದೆವು. ಹತ್ತು ಜನ ಹೋಗಿ ವಾರ್ಡ್ ಸದಸ್ಯರ ಕೈಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡೆವು. ಸ್ಥಳೀಯ ಪತ್ರಿಕೆಯಲ್ಲಿ ಬಂತು. ನನ್ನ ಅರ್ಧ ಮುಖ ಕಾಣುತ್ತಿತ್ತು. ಆ ಕಾಗದ ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಕಾಗದ ಪತ್ರ ಸ್ವೀಕರಿಸುವ ಟಪಾಲು ಶಾಖೆಗೆ ಕೊಟ್ಟು ಸೀಲು ಹಾಕಿಸಿಕೊಳ್ಳದ ಮನವಿ ಕಚೇರಿಯ ಲೆಕ್ಕದಲ್ಲಿ ಹುಟ್ಟಿಯೇ ಇರುವುದಿಲ್ಲ ಅನ್ನುವುದು ನಮಗೆ ಆಗ ತಿಳಿದಿರಲಿಲ್ಲ. ಸಹಿ ಬೇಡ ಅನ್ನುವುದಿಲ್ಲ, ಜನ ಒಟ್ಟಾಗಲು ಅದೊಂದು ನೆಪ. ಆದರೆ ಇನ್ನೂರು ಸಹಿಗಿಂತ ಒಂದು ಸ್ವೀಕೃತಿ ಸೀಲು ಗಟ್ಟಿ.

ಆಮೇಲೆ ಅಲೆದಾಟ. ಪುರಸಭೆಗೆ ಹೋದರೆ, ‘ಲೈಬ್ರರಿ ನಮ್ಮದಲ್ಲಮ್ಮ, ಗ್ರಂಥಾಲಯ ಇಲಾಖೆದು’ ಅಂದರು. ಬಸ್ಸು ಹತ್ತಿ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋದರೆ, ‘ಪುಸ್ತಕ ನಮ್ಮದು, ಸಿಬ್ಬಂದಿ ನಮ್ಮವರು. ಕಟ್ಟಡ ಪುರಸಭೆದು, ರಿಪೇರಿ ಅವರೇ ಮಾಡಿಸಬೇಕು’ ಅಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

2023ರ ಏಪ್ರಿಲ್‌ನಲ್ಲಿ ಮನೆ ಕಂದಾಯ ಕಟ್ಟಲು ಹೋದೆ. ಆ ತಿಂಗಳಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ, ನಾನು ತಪ್ಪಿಸುವುದಿಲ್ಲ. ಚಲನ್ನನ್ನು ಬಿಲ್ಲು ಮಡಚುವ ಹಾಗೆ ಮಡಚಿ ಪರ್ಸಿಗೆ ಹಾಕುವುದು ವಾಡಿಕೆ. ಆ ದಿನ ಸಾಲು ಉದ್ದವಿತ್ತು, ನಿಂತು ಓದಿದೆ. ಆಸ್ತಿ ತೆರಿಗೆ 1,450. ಅದರ ಕೆಳಗೆ ಆರೋಗ್ಯ ಕರ, ಭಿಕ್ಷುಕರ ಕರ, ಅವುಗಳ ನಡುವೆ ಗ್ರಂಥಾಲಯ ಕರ 87 ರೂಪಾಯಿ. ಮೂರು ವರ್ಷದಿಂದ ಬೀಗ ಹಾಕಿದ ಗ್ರಂಥಾಲಯಕ್ಕೆ ನಾನು ವರ್ಷಾ ವರ್ಷ ದುಡ್ಡು ಕಟ್ಟುತ್ತಿದ್ದೆ!

ಮೇಷ್ಟ್ರು ವಿಷಯ ಬಿಡಿಸಿ ಹೇಳಿದರು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಹಾಕುತ್ತಾರೆ. ವಸೂಲಿ ಮಾಡುವುದು ಪುರಸಭೆ, ನಗರಸಭೆ, ಪಾಲಿಕೆ. ಆದರೆ ಅದು ಅವರ ದುಡ್ಡಲ್ಲ, ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಬೇಕಾದದ್ದು. ನಮ್ಮಲ್ಲಿ ದಾಟಿಸಿದ್ದಾರೆಯೇ? ಕಂದಾಯ ಶಾಖೆಯಲ್ಲಿ ಬಾಯಿಮಾತಲ್ಲಿ ಕೇಳಿದರೆ ನಗು ಬಂತೇ ಹೊರತು ಉತ್ತರ ಬರಲಿಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಮೊದಲನೆಯದು ಬಿದ್ದುಹೋಯಿತು, ತಪ್ಪು ನನ್ನದೇ. ಮೂರು ಪುಟ ಬರೆದಿದ್ದೆ. ಕರ ಎಷ್ಟು, ತಾರಸಿ ಯಾಕೆ ಸೋರುತ್ತಿದೆ, ಇದಕ್ಕೆ ಯಾರು ಹೊಣೆ, ಬೀದಿ ದೀಪ ಯಾವಾಗ ಹಾಕುತ್ತೀರಿ, ಎಲ್ಲ ಸೇರಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು. ಅದೇ ಕಾರಣ ಕೊಟ್ಟು ವಾಪಸ್ ಕಳಿಸಿದರು. ಇನ್ನೊಂದು ಎಡವಟ್ಟು, ನಾನು ‘ಯಾಕೆ’ ಅಂತ ಕೇಳಿದ್ದೆ. ಮಾಹಿತಿ ಹಕ್ಕಿನಲ್ಲಿ ದಾಖಲೆ ಕೇಳಬಹುದು, ಸಮಜಾಯಿಷಿ ಕೇಳಿದರೆ ಸಿಗುವುದಿಲ್ಲ.

ಎರಡನೇ ಸಲ ಎರಡು ಬೇರೆ ಬೇರೆ ಅರ್ಜಿ, ಒಂದೊಂದಕ್ಕೂ 10 ರೂಪಾಯಿಯ ಪೋಸ್ಟಲ್ ಆರ್ಡರ್. ಒಂದರಲ್ಲಿ ನಾನೇ ಸ್ಕೇಲಿನಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆ: ವರ್ಷ, ವಸೂಲಾದ ಗ್ರಂಥಾಲಯ ಕರ, ಪಾವತಿಸಿದ ಮೊತ್ತ, ಬಾಕಿ. ಐದು ವರ್ಷದ ಲೆಕ್ಕ ತುಂಬಿಕೊಡಿ ಅಂದೆ. ಇನ್ನೊಂದರಲ್ಲಿ, ಗ್ರಂಥಾಲಯ ಕಟ್ಟಡದ ದುರಸ್ತಿ ಕಡತವನ್ನು ಕೂತು ನೋಡಲು ಅವಕಾಶ ಕೊಡಿ ಅಂದೆ. ‘ಇದು ನಮಗೆ ಸಂಬಂಧಿಸಿಲ್ಲ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಸಂಬಂಧಿಸದಿದ್ದರೆ ಸಂಬಂಧಪಟ್ಟ ಕಚೇರಿಗೆ ಅವರೇ ಐದು ದಿನದೊಳಗೆ ವರ್ಗಾಯಿಸಬೇಕು ಅಂತ 2005ರ ಕಾಯ್ದೆಯ 6(3)ನೇ ಕಲಂ ಹೇಳುತ್ತದೆ. ನನ್ನ ಬಸ್ ಚಾರ್ಜು ಉಳಿಸಿದ್ದು ಆ ಕಲಮ್ಮು.

ಉತ್ತರ ಕೊಡಬೇಕಾದ 30 ದಿನ ಕಳೆಯಿತು, ಉತ್ತರವಿಲ್ಲ. ಸಿಟ್ಟು ಬಂದು ಒಂದು ಕೆಟ್ಟ ಕೆಲಸ ಮಾಡಿದೆ. ನಮ್ಮ ವಾರ್ಡಿಗೆ ಬರುವ ಬಿಲ್ ಕಲೆಕ್ಟರ್‌ನನ್ನು ನಡುಬೀದಿಯಲ್ಲಿ ನಿಲ್ಲಿಸಿ, ‘ನಮ್ಮ 87 ರೂಪಾಯಿ ಎಲ್ಲಿ ನುಂಗಿದಿರಿ?’ ಅಂತ ಕೂಗಾಡಿದೆ. ಯಾರೋ ಮೊಬೈಲಲ್ಲಿ ಹಿಡಿದರು. ಆ ಹುಡುಗ ತಲೆ ತಗ್ಗಿಸಿಕೊಂಡು ಹೋದ. ಅವನು ಹೊರಗುತ್ತಿಗೆ ನೌಕರ, ಎರಡು ತಿಂಗಳಿಂದ ಅವನಿಗೇ ಸಂಬಳವಾಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ಮನೆಗೆ ಹೋಗಿ ‘ತಪ್ಪಾಯ್ತಪ್ಪ’ ಅಂದೆ. ಅವನ ಹೆಂಡತಿ ಟೀ ಕೊಟ್ಟಳು. ಮುಂದೆ ಯಾವ ಕಡತ ಯಾವ ಟೇಬಲ್ಲಿನಲ್ಲಿದೆ ಅಂತ ನನಗೆ ಸುಳಿವು ಕೊಟ್ಟವನು ಅವನೇ: ‘ಅಕ್ಕ, ಕೇಸ್ ವರ್ಕರ್ ಮಂಗಳವಾರ ಸಿಗ್ತಾರೆ, ಊಟಕ್ಕೆ ಮುಂಚೆ ಹೋಗಿ.’ ಕೆಳಗಿನ ನೌಕರರನ್ನು ಅವಮಾನ ಮಾಡಿ ಯಾವ ವಾರ್ಡಿನ ಕೆಲಸವೂ ಮುಂದೆ ಹೋದದ್ದನ್ನು ನಾನು ನೋಡಿಲ್ಲ.

ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿದೆ. ಅದಕ್ಕೆ ಶುಲ್ಕವಿಲ್ಲ, ಬಿಳಿ ಹಾಳೆ ಸಾಕು. ವಿಚಾರಣೆಗೆ ಮೂರು ದಿನ ಇರುವಾಗ ಫೋನ್ ಬಂತು: ‘ಬನ್ನಿ ಮೇಡಂ, ಫೈಲ್ ನೋಡಿ.’ ಅಲ್ಲಿಯವರೆಗೆ ‘ಏನಮ್ಮ’ ಆಗಿದ್ದವಳು ಆವತ್ತು ಮೇಡಂ ಆದೆ.

ಕಡತ ಪರಿಶೀಲನೆಗೆ ಮೊದಲ ಒಂದು ಗಂಟೆ ಶುಲ್ಕವಿಲ್ಲ. ಮೇಷ್ಟ್ರನ್ನೂ ಕರೆದುಕೊಂಡು ಹೋಗಿದ್ದೆ. ಕೆಂಪು ದಾರ ಕಟ್ಟಿದ ತೆಳುವಾದ ಕಡತ. ಬಲಗಡೆ ಪತ್ರಗಳು, ಎಡಗಡೆ ಟಿಪ್ಪಣಿ ಹಾಳೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮೊದಲ ಪತ್ರದಿಂದ ಓದಲು ಶುರುಮಾಡಿದರು. ನಾನು ಹಿಂದಿನಿಂದ ನೋಡಿದೆ. ಬಟ್ಟೆ ಎಲ್ಲಿ ಕೆಟ್ಟಿದೆ ಅಂತ ನೋಡಬೇಕಾದರೆ ಕೊನೆಯ ಹೊಲಿಗೆಯಿಂದಲೇ ಬಿಚ್ಚಬೇಕು. ಜೆಇ, ಅಂದರೆ ಪುರಸಭೆಯ ಕಿರಿಯ ಎಂಜಿನಿಯರ್, ಸ್ಥಳ ಪರಿಶೀಲನೆ ಮಾಡಿದ್ದರು. ತಾರಸಿಗೆ ವಾಟರ್‌ಪ್ರೂಫಿಂಗ್, ಎರಡು ಕಡೆ ಸಜ್ಜಾ ದುರಸ್ತಿ, ಬಣ್ಣ, ಎಲ್ಲಕ್ಕೂ ಅಂದಾಜು ಪಟ್ಟಿ ತಯಾರಾಗಿ ಒಂದೂವರೆ ವರ್ಷವಾಗಿತ್ತು! ‘ಗ್ರಂಥಾಲಯ ಇಲಾಖೆಯಿಂದ ಪತ್ರ ಪಡೆದು ಮುಂದುವರಿಯಬಹುದೇ, ಆದೇಶಕ್ಕಾಗಿ ಸಲ್ಲಿಸಿದೆ’ ಅಂತ ಗುಮಾಸ್ತರ ಟಿಪ್ಪಣಿ. ಅದರ ಕೆಳಗೆ ಹಸಿರು ಶಾಯಿಯಲ್ಲಿ ಒಂದೇ ಪದ: ‘ಚರ್ಚಿಸಿ’. ಒಂದು ಗೀಚು ಸಹಿ, ತಾರೀಖು. ಅಲ್ಲಿಂದ ಮುಂದೆ ಹಾಳೆ ಖಾಲಿ.

ಯಾರೂ ಚರ್ಚಿಸಿರಲಿಲ್ಲ. ಬರೆದ ಅಧಿಕಾರಿ ವರ್ಗವಾಗಿ ಹೋಗಿದ್ದರು. ಹೊಸಬರಿಗೆ ಇಂಥದ್ದೊಂದು ಕಡತ ಇದೆಯೆಂದೇ ತಿಳಿದಿರಲಿಲ್ಲ. ನಾವು ಧಿಕ್ಕಾರ ಕೂಗಬೇಕೆಂದಿದ್ದ ಶತ್ರು ಒಂದು ಪದದಷ್ಟಿತ್ತು. ಮೇಷ್ಟ್ರು ‘ಛೆ’ ಅಂದು ಸುಮ್ಮನಾದರು.

ಕರದ ಲೆಕ್ಕವೂ ಸಿಕ್ಕಿತು. ಐದು ವರ್ಷದಲ್ಲಿ ಎರಡು ವರ್ಷ ಪೂರ್ತಿ ದಾಟಿಸಿದ್ದರು, ಎರಡು ವರ್ಷ ಅರೆಬರೆ, ಒಂದು ವರ್ಷದ ಕಾಲಂನಲ್ಲಿ ಸೊನ್ನೆ. ನಮ್ಮಲ್ಲಿ ಕೆಲವರಿಗೆ ಅದನ್ನು ತಕ್ಷಣ ಪತ್ರಿಕೆಗೆ ಕೊಡಬೇಕೆಂಬ ಹಟ. ನಾನು ಬೇಡವೆಂದೆ. ಆ ಸೊನ್ನೆಯನ್ನು ಮೊದಲೇ ಬೀದಿಗೆ ತಂದರೆ ಅವರು ಅದನ್ನು ಸಮರ್ಥಿಸಿಕೊಳ್ಳುವುದರಲ್ಲೇ ಕಾಲ ಕಳೆಯುತ್ತಾರೆ, ತಾರಸಿ ಸೋರುತ್ತಲೇ ಇರುತ್ತದೆ. ಈ ವಿಷಯಕ್ಕೆ ನಮ್ಮ ಗುಂಪಿನಿಂದ ಇಬ್ಬರು ಮುನಿಸಿಕೊಂಡು ಹೋದರು. ಒಬ್ಬರು ಇನ್ನೂ ಮಾತಾಡಿಸುವುದಿಲ್ಲ. ಬೇರೆ ಜಗಳಗಳೂ ಇದ್ದವು. ಗಣಪತಿ ಕೂರಿಸುವ ಹುಡುಗರಿಗೆ ಆ ಕಟ್ಟಡ ಪೆಂಡಾಲ್ ಸಾಮಾನು ಇಡಲು ಬೇಕಿತ್ತು. ‘ನಮಗೂ ಅಲ್ಲೊಂದು ಮೂಲೆ ಇರಲಿ ಆಂಟಿ’ ಅಂತ ಪೊಲೀಸ್, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಂದ ಮೇಲೆ ಅವರು ತೆಪ್ಪಗಾದರು. ಆ ಮಕ್ಕಳಲ್ಲಿ ಇಬ್ಬರು ಅದೇ ಹುಡುಗರ ತಂಗಿಯರು.

ಮುಂದಿನ ಕೆಲಸ ಸಣ್ಣದು, ಆದರೆ ಬೇಸರದ್ದು. ಗುಮಾಸ್ತರು ಟಿಪ್ಪಣಿಯಲ್ಲಿ ಕೇಳಿದ್ದ ಆ ಪತ್ರ ಬೇಕಿತ್ತಲ್ಲ? ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ, ಪುರಸಭೆಯ ಕಡತ ಸಂಖ್ಯೆ ನಮೂದಿಸಿ, ‘ಕಟ್ಟಡ ದುರಸ್ತಿಯಾದರೆ ಶಾಖೆಯನ್ನು ಮತ್ತೆ ನಡೆಸುತ್ತೇವೆ’ ಅಂತ ಒಂದು ಪತ್ರ ಕೊಡಿ ಅಂದೆ. ಮೂರನೇ ಭೇಟಿಯಲ್ಲಿ ಕೊಟ್ಟರು. ಅದರ ನಕಲನ್ನು ಪುರಸಭೆ ಟಪಾಲಿಗೆ ಕೊಟ್ಟು ಸೀಲು ಹಾಕಿಸಿದೆ. ಕಡತ ಸಂಖ್ಯೆ ಇದ್ದ ಪತ್ರ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಸಂಖ್ಯೆ ಇಲ್ಲದ್ದು ಟ್ರೇಯಲ್ಲಿ ಮಲಗುತ್ತದೆ.

ಕಡತ ಎದ್ದರೂ ದುಡ್ಡು ಬೇಕಲ್ಲ. 2024ರ ಜನವರಿಯಲ್ಲಿ ಬಜೆಟ್ ಪೂರ್ವಭಾವಿ ಸಭೆ ಕರೆದರು. ಆಯವ್ಯಯ ಮಂಡಿಸುವ ಮುನ್ನ ಸಾರ್ವಜನಿಕರ ಸಲಹೆ ಕೇಳುವ ಸಭೆ ಅದು. ಖಾಲಿ ಕುರ್ಚಿಗಳೇ ಹೆಚ್ಚು. ನಾವು ಎಂಟು ಜನ ಹೋದೆವು. ಮುಂಚೆಯೇ ಮಾತಾಡಿಕೊಂಡಿದ್ದೆವು, ಚರಂಡಿ, ನಾಯಿ, ನೀರು ಏನೇ ಬಾಯಿಗೆ ಬಂದರೂ ನುಂಗಿಕೊಳ್ಳುವುದು, ಎಂಟೂ ಜನ ಕೇಳುವುದು ಗ್ರಂಥಾಲಯವೊಂದೇ. ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರಿನಲ್ಲಿದ್ದುದರಿಂದ ವೇದಿಕೆಯಲ್ಲಿ ಇದ್ದದ್ದು ಆಡಳಿತಾಧಿಕಾರಿ ಮತ್ತು ಮುಖ್ಯಾಧಿಕಾರಿ. ಐದನೆಯವರು ಎದ್ದಾಗ ಮುಖ್ಯಾಧಿಕಾರಿ ನಕ್ಕು, ‘ಇದೂ ಲೈಬ್ರರಿನೇ ಏನ್ರೀ?’ ಅಂದರು. ನಾನು ಎದ್ದು ಕಡತ ಸಂಖ್ಯೆ ಹೇಳಿದೆ, ಅಂದಾಜು ಪಟ್ಟಿ ಸಿದ್ಧವಿದೆ ಅಂದೆ. ಕರದ ಲೆಕ್ಕದ ಹಾಳೆಯನ್ನು ಮಡಚಿ ಮೇಜಿನ ಮೇಲೆ ಇಟ್ಟೆ, ಓದಲಿಲ್ಲ. ಅವರು ಬಿಚ್ಚಿ ನೋಡಿದರು, ಜೇಬಿಗೆ ಹಾಕಿಕೊಂಡರು. ಆ ವರ್ಷದ ಪಟ್ಟಿಯಲ್ಲಿ ದುರಸ್ತಿ ಸೇರಿತು.

ಬೀಗಬೇಕೆನ್ನುವಷ್ಟರಲ್ಲಿ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. ಟೆಂಡರ್ ಜೂನ್‌ವರೆಗೆ ನಿಂತಿತು. ಕೆಲಸ ಶುರುವಾದದ್ದು ಮಳೆ ಮುಗಿದ ಮೇಲೆ. ಅಂಗಡಿ ಎದುರಿಗೇ ಇದ್ದದ್ದರಿಂದ ನನಗೆ ಮೇಲ್ವಿಚಾರಣೆ ಸಲೀಸಾಯಿತು. ತಾರಸಿಯ ಮೇಲೆ ಹೊಸ ಗಾರೆಗೆ ನೀರು ನಿಲ್ಲಿಸಬೇಕಾದ ದಿನಗಳಲ್ಲಿ ಮೇಸ್ತ್ರಿ ಬಾರದಿದ್ದರೆ ಕಟ್ಟೆಯ ಮೇಲಿನ ಹಿರಿಯರೇ ಬಿಂದಿಗೆ ಹೊತ್ತರು. ಬಾಗಿಲಿಗೆ ಮೂರು ಮೆಟ್ಟಿಲಿತ್ತು. ಪೋಲಿಯೊ ಆದ ನಮ್ಮ ಬೀದಿಯ ಒಬ್ಬರು ಆವರೆಗೂ ಒಳಗೆ ಕಾಲಿಟ್ಟವರಲ್ಲ. ವಿಕಲಚೇತನರಿಗೆಂದೇ ಪುರಸಭೆಯಲ್ಲಿ ಶೇ. 5 ನಿಧಿ ಇರುತ್ತದೆ. ಅದರಲ್ಲಿ ರ‍್ಯಾಂಪ್ ಹಾಕಿಸಿ ಅಂತ ಅವರ ಕೈಲೇ ಅರ್ಜಿ ಬರೆಸಿದೆವು. ರ‍್ಯಾಂಪ್ ಬಂತು, ಸ್ವಲ್ಪ ಕಡಿದಾಗಿದೆ.

2025ರ ಜನವರಿಯಲ್ಲಿ ಬಾಗಿಲು ತೆರೆಯಿತು. ಗೋಣಿಚೀಲದಲ್ಲಿ ಹೋದ ಪುಸ್ತಕಗಳಲ್ಲಿ ಎಷ್ಟೋ ವಾಪಸ್ ಬರಲಿಲ್ಲ, ಬಂದವುಗಳಲ್ಲೂ ಗೆದ್ದಲು ತಿಂದವಿವೆ. ಗ್ರಂಥಪಾಲಕರು ಎರಡು ಶಾಖೆಗೆ ಒಬ್ಬರೇ. ಮುದುಕರ ಗುಂಪು ಮೊದಲ ದಿನವೇ ಹೋಗಿ ಫ್ಯಾನಿನ ಕೆಳಗಿನ ಬೆಂಚು ಹಿಡಿಯಿತು. ಸೋಮವಾರ ಅಲ್ಲಿ ರಜೆ. ಆವತ್ತು ಮಾತ್ರ ನನ್ನ ಕಟ್ಟೆಗೆ ಬರುತ್ತಾರೆ, ಆದ್ದರಿಂದ ಪೇಪರ್ ಇನ್ನೂ ನಿಲ್ಲಿಸಿಲ್ಲ.

ಆ ಸೊನ್ನೆಯ ವರ್ಷದ ಕರ ಇನ್ನೂ ದಾಟಿಲ್ಲ. ಅದರ ಬಗ್ಗೆ ಹಾಕಿದ ಅರ್ಜಿಗೆ ಬರುವ ಗುರುವಾರ 30 ದಿನ ತುಂಬುತ್ತದೆ. ಮೇಲ್ಮನವಿಯ ಬಿಳಿ ಹಾಳೆ ಕತ್ತರಿ ಇಡುವ ಡ್ರಾಯರಿನಲ್ಲಿದೆ, ತಾರೀಖೊಂದು ಹಾಕಬೇಕು.