ನಿವೃತ್ತಿಯ ಬಗ್ಗೆ ಹಿರಿಯರಿಂದ ಬಂದ ಲೆಕ್ಕ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು

ನಿವೃತ್ತಿ ಹೇಗಿರಬೇಕು ಎಂದು ಕೂತು ಯೋಚಿಸಿ ತೀರ್ಮಾನಿಸಿದವರು ಕಡಿಮೆ. ಅಪ್ಪ ಯಾವಾಗ ಕೆಲಸ ಬಿಟ್ಟರು, ಬಿಟ್ಟ ಮೇಲೆ ಹೇಗಿದ್ದರು ಎಂಬುದನ್ನು ನೋಡಿ ಬೆಳೆದಿರುತ್ತೇವೆ. ಅದೇ ಲೆಕ್ಕ ತಲೆಯಲ್ಲಿ ಕೂತಿರುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡ ಮಾತ್ರಕ್ಕೆ ಅದು ಹೋಗುವುದಿಲ್ಲ. ಒಂದೊಂದೇ ಮಾತನ್ನು ಹೊರಗೆ ತೆಗೆದು, ಅದು ಯಾವ ಪರಿಸ್ಥಿತಿಯಲ್ಲಿ ಸರಿಯಾಗಿತ್ತು, ಆ ಪರಿಸ್ಥಿತಿ ನಿಮಗೂ ಇದೆಯೇ ಎಂದು ನೋಡಬೇಕು. ಕೆಲಸ ಬಿಡಲು ಐದಾರು ವರ್ಷ ಇರುವಾಗಲೇ ಶುರು ಮಾಡಿದರೆ ಅನುಕೂಲ. ಈಗಾಗಲೇ ಬಿಟ್ಟಿದ್ದರೂ ಮಾಡಬಹುದು.

ಮೊದಲು ಅರ್ಧ ಗಂಟೆ ಕೂತು, ಸಾಲಿಗೊಂದರಂತೆ, ಕೇಳಿದ ಮಾತುಗಳನ್ನು ಕೇಳಿದ ಹಾಗೇ ಬರೆಯಿರಿ. ‘ಅರವತ್ತಾದ ಮೇಲೆ ಯಾರು ಕೆಲಸ ಕೊಡುತ್ತಾರೆ’, ‘ಸಾಲ ತೀರದೆ ಕೆಲಸ ಬಿಡಬಾರದು’, ‘ಉಳಿದದ್ದೆಲ್ಲ ಮಕ್ಕಳಿಗೆ’, ‘ಇನ್ನು ಆರಾಮಾಗಿ ಕೂತಿರಿ’. ಹದಿನೈದು ಸಾಲು ಆಗುವವರೆಗೆ ನಿಲ್ಲಿಸಬೇಡಿ. ಮೊದಲ ಏಳೆಂಟು ಎಲ್ಲರೂ ಹೇಳುವಂಥವೇ ಆಗಿರುತ್ತವೆ, ನಿಮ್ಮ ಮನೆಯದೇ ಆದವು ಆಮೇಲೆ ಬರುತ್ತವೆ. ಇಲ್ಲಿ ಹೆಚ್ಚಿನವರು ಕೇಳಿದ ಮಾತಿನ ಬದಲು ತಮ್ಮ ಈಗಿನ ಅಭಿಪ್ರಾಯ ಬರೆದುಬಿಡುತ್ತಾರೆ, ಆಗ ಪಟ್ಟಿಯಿಂದ ಏನೂ ಪ್ರಯೋಜನವಿಲ್ಲ. ಯಾರೂ ಬಾಯಿಬಿಟ್ಟು ಹೇಳದೆ ಬದುಕಿ ತೋರಿಸಿದ್ದನ್ನೂ ಸೇರಿಸಿ. ಅಪ್ಪನಿಗೆ ನಿವೃತ್ತಿಯಾಯಿತು, ಅಮ್ಮನ ಅಡುಗೆಮನೆಗೆ ಆಗಲೇ ಇಲ್ಲ ಎಂಬುದೂ ಒಂದು ನಿರೀಕ್ಷೆಯೇ. ನಮ್ಮನ್ನು ಕೇಳಿದರೆ, ಪಟ್ಟಿಯಲ್ಲಿ ಅತಿ ಮುಖ್ಯವಾದದ್ದು ಇದೇ.

ಪ್ರತಿ ಸಾಲಿನ ಮುಂದೆ ಮೂರು ಅಂಕಣ ಎಳೆಯಿರಿ: ಯಾರ ಬದುಕಿನಿಂದ ಬಂತು, ಆಗ ಅದನ್ನು ಸರಿ ಮಾಡಿದ್ದೇನು, ಈಗ ಅದು ನನಗಿದೆಯೇ. ವಯಸ್ಸಿನ ಮಾತನ್ನೇ ತೆಗೆದುಕೊಳ್ಳಿ. ಜರ್ಮನಿಯ 1889ರ ಕಾನೂನು ವೃದ್ಧಾಪ್ಯ ಪಿಂಚಣಿಗೆ 70 ವರ್ಷ ಎಂದಿತ್ತು, 1916ರಲ್ಲಿ ಅದು 65ಕ್ಕೆ ಇಳಿಯಿತು. ಅಮೆರಿಕದ 1935ರ ಸಾಮಾಜಿಕ ಭದ್ರತಾ ಕಾಯ್ದೆಯೂ 65 ಎಂದೇ ಇಟ್ಟಿತು. ಹಣ ಎಂದಿನಿಂದ ಕೊಡಬೇಕು ಎಂದು ಸರ್ಕಾರಗಳು ಎಳೆದ ಗೆರೆಗಳಿವು. ನಿಮ್ಮ ಶಕ್ತಿ, ಆಸಕ್ತಿ ಎಲ್ಲಿಯವರೆಗೆ ಎಂಬುದಕ್ಕೂ ಇವಕ್ಕೂ ಸಂಬಂಧವಿಲ್ಲ. ಸಾಲದ ಮಾತು ಹಾಗಲ್ಲ. ಸಂಬಳ ನಿಂತ ಮೇಲೂ ಕಂತು ನಿಲ್ಲುವುದಿಲ್ಲ. ಆ ಕಾರಣ ಇಂದಿಗೂ ಹಾಗೇ ಇದೆ. ಅದನ್ನು ಇಟ್ಟುಕೊಳ್ಳಿ. ಹಿರಿಯರ ಮಾತೆಂದು ಎಲ್ಲವನ್ನೂ ತಿರುಗಿಸಿ ಹಾಕುವವರು, ಅಪ್ಪ ಮಾಡಿದ್ದರ ವಿರುದ್ಧವನ್ನೇ ಮಾಡಲು ಹೊರಟವರು, ಇನ್ನೂ ಅಪ್ಪನ ಲೆಕ್ಕದಲ್ಲೇ ಇದ್ದಾರೆ.

ಹಣದ ಸಾಲುಗಳಿಗೆ ಅಂಕಿಯೇ ಉತ್ತರ ಕೊಡಬೇಕು. ಬ್ಯಾಂಕ್ ಖಾತೆಯ 12 ತಿಂಗಳ ವಿವರ ತೆಗೆದು ಖರ್ಚನ್ನು ಮೂರು ಪಾಲು ಮಾಡಿ: ಕೆಲಸದ ಜೊತೆಗೇ ನಿಲ್ಲುವವು (ಓಡಾಟ, ಕಚೇರಿಯ ಬಟ್ಟೆ), ಹಾಗೇ ಮುಂದುವರಿಯುವವು, ವಯಸ್ಸಿನೊಂದಿಗೆ ಏರುವವು (ಔಷಧಿ, ಆರೈಕೆ, ವಿಮೆಯ ಕಂತು). ವರ್ಷಕ್ಕೊಮ್ಮೆ ಬರುವ ರಿಪೇರಿ, ತೆರಿಗೆ ಮರೆತುಹೋಗುವುದೇ ಹೆಚ್ಚು. ಒಂದೇ ತಿಂಗಳ ಖರ್ಚನ್ನು 12ರಿಂದ ಗುಣಿಸಿದವರು ಇಲ್ಲೇ ತಪ್ಪುತ್ತಾರೆ. ನಂತರ ಬೆಲೆಯೇರಿಕೆ ಸೇರಿಸಿ. 72ನ್ನು ಹಣದುಬ್ಬರದ ದರದಿಂದ ಭಾಗಿಸಿದರೆ ಖರ್ಚು ಎರಡರಷ್ಟಾಗಲು ಹೆಚ್ಚುಕಡಿಮೆ ಎಷ್ಟು ವರ್ಷ ಎಂದು ಸಿಗುತ್ತದೆ. ದರ ಶೇ 6 ಇದ್ದರೆ 12 ವರ್ಷ. 60ನೇ ವಯಸ್ಸಿನಲ್ಲಿ 100 ಬೇಕಾಗಿದ್ದ ಕಡೆ 72ರಲ್ಲಿ 200, 84ರಲ್ಲಿ 400 ಬೇಕು. ಬೆಲೆಯ ಜೊತೆ ಏರುವ ಪಿಂಚಣಿ ಅಪ್ಪನಿಗಿದ್ದು, ನಿಮಗೆ ಒಂದೇ ಗಂಟು ಸಿಗುವುದಾದರೆ, ‘ನಿವೃತ್ತಿಯಾದ ಮೇಲೆ ಹಣದ ಚಿಂತೆ ಇಲ್ಲ’ ಎಂಬ ಅವರ ನೆಮ್ಮದಿ ನಿಮಗೆ ಅನ್ವಯಿಸುವುದಿಲ್ಲ.

‘ವರ್ಷದ ಖರ್ಚಿನ 25 ಪಟ್ಟು ಸಾಕು’ ಎಂಬ ಮಾತು ಹೊಸದಾದರೂ, ಅದನ್ನೂ ಕೇಳಿದ ಮಾತುಗಳ ಪಟ್ಟಿಗೇ ಸೇರಿಸಿ. ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಮೆರಿಕದ ಷೇರು ಮತ್ತು ಬಾಂಡ್‌ಗಳ ಹಿಂದಿನ ದಾಖಲೆ ಇಟ್ಟುಕೊಂಡು, 30 ವರ್ಷದ ನಿವೃತ್ತಿಗೆ ಮಾಡಿದ ಲೆಕ್ಕ ಅದರ ಮೂಲ: ಮೊದಲ ವರ್ಷ ಗಂಟಿನ ಶೇ 4, ಅಂದರೆ 25ರಲ್ಲಿ ಒಂದು ಪಾಲು, ತೆಗೆಯುವುದು, ಆಮೇಲೆ ಆ ಮೊತ್ತವನ್ನು ಹಣದುಬ್ಬರದಷ್ಟು ಏರಿಸುವುದು. 50ಕ್ಕೇ ಕೆಲಸ ಬಿಡುವವರಿಗೆ 40 ವರ್ಷ ಬೇಕು, ಅವರು ಇನ್ನೂ ಕಡಿಮೆ ತೆಗೆಯಬೇಕು. ಮೊದಲ ಕೆಲವು ವರ್ಷಗಳಲ್ಲೇ ಮಾರುಕಟ್ಟೆ ಕುಸಿದರೆ, ಬಿದ್ದ ಬೆಲೆಗೆ ಮಾರಿ ತಿನ್ನಬೇಕಾಗುತ್ತದೆ; ಹೀಗೆ ಹೋದ ಗಂಟು ಮಾರುಕಟ್ಟೆ ಚೇತರಿಸಿದರೂ ತುಂಬಿಕೊಳ್ಳುವುದು ಕಷ್ಟ. ಎರಡು ಮೂರು ವರ್ಷದ ಖರ್ಚನ್ನು ಠೇವಣಿಯಂಥ ಸುರಕ್ಷಿತ ಜಾಗದಲ್ಲಿ ಬೇರೆಯೇ ಇಡುವುದು ಇದಕ್ಕಾಗಿ.

‘ಆರಾಮಾಗಿ ಕೂತಿರಿ’ ಎಂಬುದನ್ನು ಮಾತ್ರ ಕಾಗದದ ಮೇಲೆ ಪರೀಕ್ಷಿಸಲಾಗದು. ಎರಡು ವಾರ ರಜೆ ಹಾಕಿ ಮನೆಯಲ್ಲೇ ಇರಿ. ಪ್ರವಾಸ ಬೇಡ, ಕಚೇರಿಯ ಫೋನ್ ಬೇಡ, ಖರ್ಚು ನಿವೃತ್ತಿಯ ಲೆಕ್ಕದಷ್ಟೇ. ರಾತ್ರಿ ಮೂರು ಸಾಲು ಬರೆಯಿರಿ: ಯಾರೊಂದಿಗೆ ಮಾತಾಡಿದೆ, ಯಾವ ಹೊತ್ತು ಸಾಗಲಿಲ್ಲ, ಯಾವುದಕ್ಕೆ ಕಾಯುತ್ತಿದ್ದೆ. ಮೊದಲ ವಾರ ಬರೀ ರಜೆಯಂತಿರುತ್ತದೆ, ಅದನ್ನು ನಂಬಬೇಡಿ. ಎರಡನೆಯ ವಾರದ ಸಾಲುಗಳು ಕೆಲಸಕ್ಕೆ ಬರುತ್ತವೆ. ಕಷ್ಟವೆನಿಸಿದರೆ ಅದು ನಿಮ್ಮ ದೋಷವಲ್ಲ. ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಪ್ರಕಟಿಸಿದ ಬದುಕಿನ ಒತ್ತಡಗಳ 43 ಘಟನೆಗಳ ಪಟ್ಟಿಯಲ್ಲಿ ನಿವೃತ್ತಿಗೆ ಹತ್ತನೆಯ ಸ್ಥಾನವಿದೆ.

ಗಂಡ ಹೆಂಡತಿ ಇಬ್ಬರೂ ಕೇಳಿದ ಮಾತುಗಳ ಪಟ್ಟಿಯನ್ನು ಬೇರೆ ಬೇರೆ ಕೂತು ಬರೆದು ಆಮೇಲೆ ಅದಲು ಬದಲು ಮಾಡಿಕೊಳ್ಳಿ. ಒಟ್ಟಿಗೆ ಬರೆದರೆ ಮೊದಲು ಮಾತಾಡಿದವರ ಕಡೆಗೇ ಇನ್ನೊಬ್ಬರು ವಾಲುತ್ತಾರೆ. ನಾಲ್ಕು ಪ್ರಶ್ನೆಗೆ ಉತ್ತರ ಇರಲೇಬೇಕು: ದಿನಕ್ಕೆ ಎಷ್ಟು ಗಂಟೆ ಒಬ್ಬೊಬ್ಬರಿಗೆ ಏಕಾಂತ ಬೇಕು, ಅಡುಗೆ ಮತ್ತು ಮನೆಗೆಲಸ ಯಾವ ದಿನ ಯಾರದು, ಮಕ್ಕಳಿಗೆ ಎಷ್ಟರವರೆಗೆ ಕೊಡುವುದು, ವಯಸ್ಸಾದವರ ಆರೈಕೆ ಯಾರು ಮಾಡುವುದು. ‘ನೋಡೋಣ’ ಎಂಬುದು ಉತ್ತರವಲ್ಲ; ದಿನ ಅಥವಾ ಅಂಕಿ ಬೇಕು.

ಹಿರಿಯರಿಗೆ ತಿಳಿಸುವಾಗ ಅವರ ಬದುಕನ್ನು ತೂಗಬೇಡಿ. “ಅಪ್ಪಾ, ಸಾಲದ ವಿಚಾರದಲ್ಲಿ ನೀವು ಹೇಳಿದ ಹಾಗೇ ಮಾಡಿದ್ದೇನೆ. ಕೆಲಸ ಮಾತ್ರ ಇನ್ನೂ ಮೂರು ವರ್ಷ, ವಾರಕ್ಕೆ ಮೂರು ದಿನ ಮಾಡುತ್ತೇನೆ” ಎಂದಷ್ಟೇ ಹೇಳಿದರೆ ಸಾಕು. ಅಭಿಪ್ರಾಯ ಕೇಳಿದರೆ ಚರ್ಚೆ ಬೆಳೆಯುತ್ತದೆ, ತೀರ್ಮಾನ ತಿಳಿಸಿದರೆ ಬೇಗ ಮುಗಿಯುತ್ತದೆ.

ಹಿಂದಕ್ಕೆ ತರಲಾಗದ ಹೆಜ್ಜೆಗಳನ್ನು ಮೊದಲ ಒಂದು ವರ್ಷ ಇಡಬೇಡಿ. ಮನೆ ಮಾರುವ ಮುಂಚೆ ಹೊಸ ಊರಲ್ಲಿ ಆರು ತಿಂಗಳು ಬಾಡಿಗೆಗಿರಿ. ಆಸ್ತಿಯನ್ನು ಮಕ್ಕಳ ಹೆಸರಿಗೆ ಈಗಲೇ ಬರೆದುಕೊಡುವ ಬದಲು ಉಯಿಲು ಬರೆಯಿರಿ, ಉಯಿಲನ್ನು ಬದಲಿಸಬಹುದು. ಆರು ತಿಂಗಳಿಗೊಮ್ಮೆ ಪಟ್ಟಿ ತೆಗೆದು ಮೂರನೆಯ ಅಂಕಣವನ್ನು ಮತ್ತೆ ತುಂಬಿ. ಬಿಟ್ಟೆನೆಂದುಕೊಂಡ ಮಾತು ಇನ್ನೂ ಅಳುಕು ತರುತ್ತಿದ್ದರೆ ಅದನ್ನು ಅಳಿಸಬೇಡಿ, ಪಕ್ಕದಲ್ಲಿ ತಾರೀಖು ಹಾಕಿ ಮುಂದಿನ ಸಲಕ್ಕೆ ಉಳಿಸಿಕೊಳ್ಳಿ.